ಈಜುಕೊಳಕ್ಕೆ 11 ಮೂಟೆ ಉಪ್ಪು ಬೇಡ, ದಯವಿಟ್ಟು ಲೆಕ್ಕ ನೋಡಿ

ಬಿ-204:
ಎಲ್ಲರಿಗೂ ನಮಸ್ಕಾರ. ಕೊಳದಲ್ಲಿ ಉಪ್ಪು ಕಡಿಮೆ ಅಂತ, ಉಪ್ಪಿನಿಂದ ಕ್ಲೋರಿನ್ ಮಾಡುವ ನಮ್ಮ ಯಂತ್ರದಲ್ಲಿ ಕೆಂಪು ದೀಪ ಬರುತ್ತಿದೆ. ಗುತ್ತಿಗೆಯವರು 25 ಕೆಜಿಯ 11 ಮೂಟೆ ಬೇಕು ಅಂದಿದ್ದಾರೆ, ನಾಳೆಯೇ ಸುರಿಯುತ್ತಾರಂತೆ. ಈಗಲೇ ಒಪ್ಪಿಗೆ ಕೊಡಬೇಡಿ. ಅಷ್ಟು ಬೇಕಾಗಿಲ್ಲ.

ಎ-301:
ಯಾಕೆ ಸರ್? ಅವರು ದಿನಾ ಇದೇ ಕೆಲಸ ಮಾಡುವವರು ಅಲ್ವಾ?

ಬಿ-204:
ಮೇಡಂ, ಹೊಸದಾಗಿ ನೀರು ತುಂಬಿಸಿದ ಕೊಳಕ್ಕೆ ಅವರ ಲೆಕ್ಕ ಸರಿ. ನಮ್ಮದು 12 ಮೀಟರ್ ಉದ್ದ, 6 ಮೀಟರ್ ಅಗಲ. ಆಳ ಒಂದು ಕಡೆ 0.9 ಮೀಟರ್, ಇನ್ನೊಂದು ಕಡೆ 1.5. ಸರಾಸರಿ 1.2. ಮೂರನ್ನೂ ಗುಣಿಸಿದರೆ 86.4 ಘನ ಮೀಟರ್, ಅಂದರೆ 86,400 ಲೀಟರ್. ನಮ್ಮ ಯಂತ್ರಕ್ಕೆ 3,200 ಪಿಪಿಎಂ ಇರಬೇಕು. ಅಂದರೆ ಲೀಟರಿಗೆ 3.2 ಗ್ರಾಂ ಉಪ್ಪು. ಸೊನ್ನೆಯಿಂದ ಶುರು ಮಾಡಿದರೆ 276 ಕೆಜಿ, ಅದೇ ಅವರ 11 ಮೂಟೆ.

ಆದರೆ ನಮ್ಮ ನೀರಿನಲ್ಲಿ ಈಗಾಗಲೇ ಉಪ್ಪಿದೆ. ನಿನ್ನೆ ಟೆಸ್ಟ್ ಸ್ಟ್ರಿಪ್‌ನಲ್ಲಿ ನೋಡಿದಾಗ 2,400 ಬಂತು. ಕೊರತೆ 800 ಮಾತ್ರ. ಲೀಟರಿಗೆ 0.8 ಗ್ರಾಂನಂತೆ 86,400 ಲೀಟರಿಗೆ 69 ಕೆಜಿ. ಮೂರು ಮೂಟೆಯೂ ಪೂರ್ತಿ ಬೇಡ.

ಸಿ-110:
ನನ್ನ ಟಿಡಿಎಸ್ ಮೀಟರ್ ಬೆಳಿಗ್ಗೆ 3,400 ತೋರಿಸಿತು. ಹಾಗಾದರೆ ಉಪ್ಪೇ ಬೇಡ ಅಲ್ವಾ?

ಬಿ-204:
ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿರುವುದನ್ನೆಲ್ಲ ಸೇರಿಸಿ ತೋರಿಸುತ್ತದೆ ಸರ್. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಗೀಸರ್ ಕಾಯಿಲ್ ಬಿಚ್ಚಿದವರಿಗೆಲ್ಲ ಗೊತ್ತು. ಆ ಬಿಳಿ ಸುಣ್ಣವೂ ನಿಮ್ಮ 3,400ರಲ್ಲಿ ಸೇರಿದೆ. ಸ್ಟ್ರಿಪ್ ಆದರೆ ಕ್ಲೋರೈಡ್ ನೋಡಿ ಉಪ್ಪಿನ ಲೆಕ್ಕ ಕೊಡುತ್ತದೆ. ಯಂತ್ರಕ್ಕೆ ಬೇಕಾದದ್ದು ಅದೇ, ಕರೆಂಟ್ ಹಾಯಿಸಿ ಕ್ಲೋರಿನ್ ಮಾಡುವುದು ಅದರಿಂದಲೇ.

ಇನ್ನೊಂದು ವಿಷಯ. ಸುಣ್ಣ ಯಂತ್ರದ ಸೆಲ್‌ಗೂ, ಅಂದರೆ ಕ್ಲೋರಿನ್ ಮಾಡುವ ಭಾಗಕ್ಕೂ, ಹಿಡಿಯುತ್ತದೆ. ಹಿಡಿದರೆ ಉಪ್ಪು ಸಾಕಷ್ಟಿದ್ದರೂ ಕೆಂಪು ದೀಪ ಬರಬಹುದು. ಮೊದಲು ಸೆಲ್ ಬಿಚ್ಚಿಸಿ ನೋಡೋಣ.

ಎ-102:
ಸ್ವಲ್ಪ ಜಾಸ್ತಿ ಬಿದ್ದರೆ ಏನಾಗುತ್ತೆ ಅಪ್ಪಾ? ಮುಂದಿನ ಸಲಕ್ಕೆ ಆಗುತ್ತಲ್ಲ.

ಬಿ-204:
ಇಲ್ಲ ಅಂಕಲ್, ನನ್ನ ಆತಂಕ ಇರೋದೇ ಅಲ್ಲಿ. 11 ಮೂಟೆ ಬಿದ್ದರೆ 5,500 ದಾಟುತ್ತದೆ. ನಮ್ಮ ಯಂತ್ರ ಅಷ್ಟಕ್ಕೆ ನಿಂತುಬಿಡುತ್ತದೆ. ಉಪ್ಪು ಬಿಸಿಲಿಗೆ ಆವಿಯಾಗುವುದಿಲ್ಲ. ನೀರು ಚೆಲ್ಲಿ ಹೊಸ ನೀರು ತುಂಬಿಸುವುದೊಂದೇ ದಾರಿ. ಸುಮಾರು 37,000 ಲೀಟರ್ ಚೆಲ್ಲಬೇಕು. 6,000 ಲೀಟರಿನ ಟ್ಯಾಂಕರ್ ಆರು ಬಂದರೂ ಸಾಲದು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಇಂಥ ಕಡೆ, ಅದೂ ಏಪ್ರಿಲ್‌ನಲ್ಲಿ, ಅಷ್ಟು ನೀರು ಚರಂಡಿಗೆ ಬಿಡೋದಕ್ಕೆ ಮನಸ್ಸು ಹೇಗೆ ಬರುತ್ತೆ?

ಎ-301:
ಆವಿಯಾಗಲ್ಲ ಅಂದರೆ ಇದ್ದ ಉಪ್ಪು ಎಲ್ಲಿ ಹೋಯಿತು? ಶಿವರಾತ್ರಿ ಹೊತ್ತಿಗೆ 3,200 ಇತ್ತು ಅಂತ ರಿಜಿಸ್ಟರಿನಲ್ಲಿ ಬರೆದಿದೆ.

ಬಿ-204:
ಒಳ್ಳೇ ಪ್ರಶ್ನೆ ಮೇಡಂ. ನೀರಿನ ಜೊತೆಗೇ ಹೋಗಿದೆ. 3,200 ಇದ್ದದ್ದು 2,400 ಆಗಬೇಕಾದರೆ ಸ್ವಲ್ಪ ಸ್ವಲ್ಪವಾಗಿ ಹತ್ತಿರ ಹತ್ತಿರ 25,000 ಲೀಟರ್ ಹೊರಗೆ ಹೋಗಿ, ಅಷ್ಟೇ ಹೊಸ ನೀರು ಬಂದಿರಬೇಕು. ಮಳೆ ಬಂದು ತುಂಬಿ ಹರಿದದ್ದೂ ಇಲ್ಲ. ಫಿಲ್ಟರ್ ತೊಳೆಯುವಾಗ ಹೋಗಿರಬೇಕು, ಇಲ್ಲ ಎಲ್ಲೋ ಸೋರುತ್ತಿದೆ.

ಸೋರಿಕೆ ಗೊತ್ತಾಗೋಕೆ ಸುಲಭದ ದಾರಿ ಇದೆ. ಒಂದು ಬಕೆಟ್‌ಗೆ ಕೊಳದ ನೀರು ತುಂಬಿ ಮೆಟ್ಟಿಲ ಮೇಲೆ ಇಡಬೇಕು. ಒಳಗಿನ ಮಟ್ಟಕ್ಕೆ ಒಂದು ಗೆರೆ, ಹೊರಗೆ ಕೊಳದ ಮಟ್ಟಕ್ಕೆ ಇನ್ನೊಂದು ಗೆರೆ. 24 ಗಂಟೆ ಯಾರೂ ಇಳಿಯಬಾರದು, ಹೊಸ ನೀರೂ ಬಿಡಬಾರದು. ಎರಡೂ ಒಂದೇ ಸಮ ಇಳಿದರೆ ಬರೀ ಆವಿ. ಹೊರಗಿನದು ಜಾಸ್ತಿ ಇಳಿದರೆ ಸೋರಿಕೆ.

ಸಿ-110:
ಈಗ ಪಂಪ್ ರೂಮಿನ ಹಿಂದೆ ಹೋಗಿ ಬಂದೆ. ಫಿಲ್ಟರ್ ತೊಳೆದ ನೀರಿನ ಪೈಪನ್ನು ಮಳೆನೀರಿನ ಇಂಗುಗುಂಡಿಗೆ ಬಿಟ್ಟಿದ್ದಾರೆ! ಗುಂಡಿ ಸುತ್ತ ಮಣ್ಣಿನ ಮೇಲೆ ಬಿಳೀ ಉಪ್ಪು ಪೊರೆಗಟ್ಟಿದೆ. ಪಕ್ಕದ ಕರಿಬೇವಿನ ಗಿಡದ ಎಲೆಯ ಅಂಚೆಲ್ಲ ಸುಟ್ಟ ಹಾಗಾಗಿದೆ. ಫೋಟೋ ಹಾಕಿದ್ದೇನೆ.

ಬಿ-204:
ಉಪ್ಪಿಗಿಂತ ಇದು ದೊಡ್ಡ ವಿಷಯ. ಆ ಗುಂಡಿಯ ಪಕ್ಕದಲ್ಲೇ ನಮ್ಮ ಬೋರ್‌ವೆಲ್ ಇದೆ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು ಅನ್ನುತ್ತದೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ). ಕೊಳದ ನೀರಿನಲ್ಲಿ 1,400ಕ್ಕೂ ಜಾಸ್ತಿ ಇದೆ. ಕಾರ್ಯದರ್ಶಿಯವರೇ, ಆ ಪೈಪ್ ಒಳಚರಂಡಿಗೆ ತಿರುಗುವ ತನಕ ಫಿಲ್ಟರ್ ತೊಳೆಯುವುದು ನಿಲ್ಲಿಸಿ. ಬೋರ್‌ವೆಲ್ ನೀರನ್ನೂ ಪರೀಕ್ಷೆಗೆ ಕಳಿಸಿ.

ಕಾರ್ಯದರ್ಶಿ:
ನೋಡಿದೆ. ಪ್ಲಂಬರ್‌ಗೆ ಫೋನ್ ಮಾಡಿದ್ದೇನೆ, ನಾಳೆ ಬೆಳಿಗ್ಗೆ ಬರುತ್ತಾರೆ. ಪೈಪ್ ತಿರುಗಿಸುವ ತನಕ ಈಜುಕೊಳ ಬಂದ್. 11 ಮೂಟೆಯ ಆರ್ಡರ್ ತಡೆಹಿಡಿದಿದ್ದೇನೆ. ನೀರಿನ ಪರೀಕ್ಷೆಯ ಖರ್ಚು ಸಂಘದಿಂದ ಕೊಡೋಣ.

ಎ-102:
ಬಕೆಟ್ ಕೆಲಸ ನನಗೆ ಬಿಡಿ. ಬೆಳಿಗ್ಗೆ 6ಕ್ಕೆ ಇಡ್ತೀನಿ, ಮಾರನೇ ದಿನ 6ಕ್ಕೆ ಗೆರೆ ನೋಡ್ತೀನಿ. ಮಕ್ಕಳನ್ನ ಆ ಕಡೆ ಕಳಿಸಬೇಡಿ.

ಎ-301:
ಮೂರು ಮೂಟೆ ಅಂಗಡಿಯಿಂದ ಕಲ್ಲುಪ್ಪೇ ತಂದರೆ ಆಗಲ್ವಾ? ಅಗ್ಗ.

ಬಿ-204:
ಕಲ್ಲುಪ್ಪಿನಲ್ಲಿ ಮಣ್ಣು, ಮೆಗ್ನೀಸಿಯಂ ಎಲ್ಲ ಇರುತ್ತದೆ ಮೇಡಂ. ಅಡುಗೆಯ ಅಯೋಡಿನ್ ಉಪ್ಪೂ ಬೇಡ. ಚೀಲದ ಮೇಲೆ ಸೋಡಿಯಂ ಕ್ಲೋರೈಡ್ 99 ಪರ್ಸೆಂಟಿಗಿಂತ ಜಾಸ್ತಿ ಅಂತ ಇರಬೇಕು, ಉದುರುದುರಾಗಲು ಏನೂ ಸೇರಿಸಿರಬಾರದು. ಸೆಲ್ ಆಫ್ ಮಾಡಿ, ಪಂಪ್ ಆನ್ ಇಟ್ಟು, ಮೊದಲು ಎರಡೇ ಮೂಟೆ ಸುತ್ತಲೂ ಹರಡಿ ಹಾಕಿಸೋಣ. ತಳದಲ್ಲಿ ಗುಡ್ಡೆ ಬೀಳದ ಹಾಗೆ ಬ್ರಷ್‌ನಿಂದ ತಳ್ಳುತ್ತಿರಬೇಕು. ಒಂದು ದಿನ ಬಿಟ್ಟು ಅಳೆದು, ಮೂರನೇ ಮೂಟೆಯಲ್ಲಿ ಎಷ್ಟು ಬೇಕೋ ಅಷ್ಟು. ಆದರೆ ಅಂಕಲ್ ಬಕೆಟ್ ಲೆಕ್ಕ ಬಂದು, ಪೈಪ್ ಕೆಲಸ ಮುಗಿದ ಮೇಲೇ ಮೂಟೆ ಬಿಚ್ಚೋಣ. ಹಾಕುವಾಗ ನಾನು ಅಲ್ಲೇ ಇರುತ್ತೇನೆ, ಸಿ-110 ಅವರೂ ಬನ್ನಿ.

ಸಿ-110:
ಬರುತ್ತೇನೆ ಸರ್. ಟೆಸ್ಟ್ ಸ್ಟ್ರಿಪ್ ಡಬ್ಬಿ ನೀವು ತನ್ನಿ.