ಕೇದಾರಕಂಠ ಕ್ಯಾಂಪ್: ಒಲೆ ಹೊತ್ತಲ್ಲ, ಟೆಂಟ್ ಒಳಗೆ ನೀರು, ಚಳಿಗೆ ನಿದ್ದೆ ಇಲ್ಲ

ಹಾಸನದ ಚಾರಣಿ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಡಿಸೆಂಬರ್ ಕೊನೆಗೆ ಮತ್ತೆ ಉತ್ತರಾಖಂಡದ ಕೇದಾರಕಂಠ ಬೆಟ್ಟಕ್ಕೆ ಹೊರಟಿದ್ದೇವೆ. ಚಾರಣ ಶುರುವಾಗುವ ಸಾಂಕ್ರಿಯಿಂದ ಊರಿನ ಗೈಡ್ ಒಬ್ಬರು ಬರುತ್ತಾರೆ. ಟೆಂಟು, ಒಲೆ, ಅಡುಗೆ ಎಲ್ಲ ನಮ್ಮದೇ. ಹೋದ ಸಲ ಜುಡಾ ಕಾ ತಾಲಾಬ್‌ನಲ್ಲಿ ಕೆರೆ ಪಕ್ಕದಲ್ಲೇ ಮಲಗಿ, ಬೆಳಗ್ಗೆ ಎದ್ದು ಹಾಗೇ ಕೆಳಗಿಳಿದೆವು.

ಆಗಿದ್ದು ಇಷ್ಟು: ಸಂಜೆ ಸರಿಯಾಗಿ ಉರಿದ ಗ್ಯಾಸ್ ಒಲೆ ಬೆಳಗ್ಗೆ ಹೊತ್ತಲೇ ಇಲ್ಲ, ಕ್ಯಾನ್ ಅಲ್ಲಾಡಿಸಿದರೆ ಒಳಗೆ ಗ್ಯಾಸ್ ಇತ್ತು. ಟೆಂಟಿನ ಒಳಗೆಲ್ಲ ತೊಟ್ಟಿಕ್ಕುವ ನೀರು, ಆದರೆ ಮಳೆಯೂ ಇಲ್ಲ, ಹಿಮವೂ ಬೀಳಲಿಲ್ಲ. ಮೈನಸ್ 10 ಅಂತ ಬರೆದಿದ್ದ ಸ್ಲೀಪಿಂಗ್ ಬ್ಯಾಗ್ ಒಳಗೂ ಬೆನ್ನು ಮರಗಟ್ಟಿತ್ತು. ಈ ಸಲ ಬೇಸ್ ಕ್ಯಾಂಪ್‌ನಲ್ಲಿ ಮಲಗಿ ತುದಿಗೂ ಹೋಗಬೇಕು. ಇನ್ನೂ ದಪ್ಪದ ಬ್ಯಾಗ್ ತಗೋಬೇಕಾ?

ಕಾಲ್ನಡಿಗೆ

ಬ್ಯಾಗ್ ಬದಲಿಸುವ ಮೊದಲು ಎರಡು ವಿಷಯ ಹೇಳಿ. ಕ್ಯಾನ್ ಯಾವ ಥರದ್ದು? ಬ್ಯಾಗಿನ ಕೆಳಗೆ ಏನು ಹಾಸಿದ್ದಿರಿ?

ಹಾಸನದ ಚಾರಣಿ

ಉದ್ದನೆಯ ಕ್ಯಾನ್ ಸರ್, ಸ್ಪ್ರೇ ಡಬ್ಬಿ ಥರ ಇರುತ್ತಲ್ಲ, ಅದು. ಕೆಳಗೆ ಯೋಗ ಮ್ಯಾಟ್.

ಕಾಲ್ನಡಿಗೆ

ಹಾಗಾದರೆ ಬ್ಯಾಗಿನ ತಪ್ಪು ಕಮ್ಮಿ. ನೆಲದಿಂದ ಶುರು ಮಾಡೋಣ, ಚಳಿ ಬಂದಿದ್ದು ಅಲ್ಲಿಂದಲೇ.

ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ನೀವು ಮಲಗಿದ ತಕ್ಷಣ ಬೆನ್ನಿನ ಕೆಳಗಿನ ಭಾಗ ಚಪ್ಪಟೆಯಾಗುತ್ತದೆ, ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ಇನ್ನೂ ದಪ್ಪದ ಬ್ಯಾಗ್ ತಂದರೂ ಅದೇ ಕಥೆ. ಹಿಮದ ಮೇಲೆ ಯೋಗ ಮ್ಯಾಟ್ ಏನೇನೂ ಸಾಲದು. ಮ್ಯಾಟ್ ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಆರ್-ವ್ಯಾಲ್ಯೂ ಅಂತ ಒಂದು ಅಂಕಿ ಇರುತ್ತದೆ. ಹಿಮದ ಮೇಲೆ ಮಲಗಲು 4ರಿಂದ 5 ಬೇಕು. ಒಂದರ ಮೇಲೊಂದು ಎರಡು ಹಾಸಿದರೆ ಅಂಕಿ ಕೂಡಿಕೊಳ್ಳುತ್ತದೆ. ಹಾಗಾಗಿ ಕೆಳಗೊಂದು ಫೋಮ್ ಮ್ಯಾಟ್, ಮೇಲೊಂದು ಗಾಳಿ ತುಂಬುವ ಮ್ಯಾಟ್ ಇಟ್ಟುಕೊಳ್ಳಿ. ಗಾಳಿಯದ್ದು ತೂತಾದರೂ ಫೋಮ್ ಇರುತ್ತದೆ.

ಬ್ಯಾಗಿನ ಮೇಲಿನ ಮೈನಸ್ 10 ಯಾವ ಅಂಕಿ ಅಂತಲೂ ನೋಡಿ. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ಇರುತ್ತವೆ. ಕಂಫರ್ಟ್ ಅಂದರೆ ಆರಾಮಾಗಿ ನಿದ್ದೆ ಬರುವಷ್ಟು ಚಳಿ. ಎಕ್ಸ್‌ಟ್ರೀಮ್ ಅಂದರೆ ಹೇಗೋ ಜೀವ ಉಳಿದೀತು ಅಂತ, ನಿದ್ದೆ ಬರುತ್ತದೆ ಅಂತಲ್ಲ. ಕೆಲವು ಅಂಗಡಿಯವರು ಆ ಅಂಕಿಯನ್ನೇ ದೊಡ್ಡದಾಗಿ ಬರೆದು ಮಾರುತ್ತಾರೆ. ಡಿಸೆಂಬರ್ ಕೊನೆಯ ಬೇಸ್ ಕ್ಯಾಂಪ್‌ಗೆ ಕಂಫರ್ಟ್ ಅಂಕಿಯೇ ಮೈನಸ್ 10 ಇರಲಿ.

ಈಗ ಒಲೆ. ಉದ್ದನೆಯ ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಇರುವುದು ಬ್ಯೂಟೇನ್. ಅದು ದ್ರವದಿಂದ ಅನಿಲ ಆಗುವುದು ಮೈನಸ್ 0.5 ಡಿಗ್ರಿಯಲ್ಲಿ. ಅದಕ್ಕಿಂತ ಚಳಿ ಇದ್ದರೆ ಕ್ಯಾನ್ ಒಳಗೆ ದ್ರವವಾಗಿಯೇ ಕೂತಿರುತ್ತದೆ. ಅಲ್ಲಾಡಿಸಿದಾಗ ನಿಮಗೆ ಕೇಳಿಸಿದ್ದು ಅದೇ. ಐಸೋಬ್ಯೂಟೇನ್ ಸುಮಾರು ಮೈನಸ್ 12ರವರೆಗೂ, ಪ್ರೊಪೇನ್ ಮೈನಸ್ 42ರವರೆಗೂ ಅನಿಲವಾಗುತ್ತವೆ. ಇವೆರಡನ್ನು ಬೆರೆಸಿದ, ತಿರುಪು ಹಾಕಿ ಕೂರಿಸುವ ಗಿಡ್ಡ ಕ್ಯಾನ್ ತಗೊಳ್ಳಿ. ಒಲೆಯೂ ಅದಕ್ಕೆ ಹೊಂದುವಂಥದ್ದೇ ಬೇಕು.

ಇನ್ನೊಂದು, ಒಲೆ ಉರಿಯುತ್ತಾ ಹೋದಂತೆ ಕ್ಯಾನ್ ತಾನೇ ತಣ್ಣಗಾಗುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇದ್ದರೂ ಒಳಗೆ ಇನ್ನೂ ಕೆಳಗಿಳಿಯುತ್ತದೆ. ಹಾಗಾಗಿ ರಾತ್ರಿ ಕ್ಯಾನ್ ಬ್ಯಾಗಿನೊಳಗೆ ನಿಮ್ಮ ಜೊತೆಯೇ ಮಲಗಲಿ. ಬೆಳಗ್ಗೆ ಹಿಮದ ಮೇಲೆ ನೇರವಾಗಿ ಇಡದೆ ಕೆಳಗೆ ಫೋಮ್ ತುಂಡು ಹಾಕಿ. ಉರಿ ಸಣ್ಣಗಾದರೆ ಉಗುರುಬೆಚ್ಚಗಿನ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ. ಬೆಂಕಿಗೆ ಹಿಡಿದು ಕಾಯಿಸಲು ಮಾತ್ರ ಹೋಗಬೇಡಿ.

ರೊಟ್ಟಿಬುತ್ತಿ

ಕ್ಯಾನ್‌ ಬೆಂಗಳೂರಲ್ಲಿ ಕೊಂಡು ಹೊರಟೀರಿ ಮತ್ತೆ! ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ರೈಲಿನಲ್ಲೂ ಗ್ಯಾಸ್ ಒಯ್ಯುವಂತಿಲ್ಲ. ಡೆಹ್ರಾಡೂನ್‌ನಲ್ಲಿ ಕೊಳ್ಳಿ, ಮೊದಲೇ ಫೋನ್ ಮಾಡಿ ಸ್ಟಾಕ್ ಕೇಳಿರಿ. ಸಾಂಕ್ರಿಯಲ್ಲಿ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಮೈಕ್ರೋಸ್ಪೈಕ್ (ಹಿಮದಲ್ಲಿ ಜಾರದಂತೆ ಶೂಗೆ ಹಾಕುವ ಮುಳ್ಳು), ಗೇಟರ್ (ಶೂ ಒಳಗೆ ಹಿಮ ಹೋಗದಂತೆ ಕಾಲಿಗೆ ಕಟ್ಟುವ ಕವಚ) ಥರದವು ಅಲ್ಲಿ ಬಾಡಿಗೆಗೆ ಸಿಗುತ್ತವೆ.

ಅಡುಗೆ ಏನು ಮಾಡ್ತೀರಿ? ಬೇಳೆ ಹೊತ್ತುಕೊಂಡು ಹೋಗಬೇಡಿ. ಬೇಸ್ ಕ್ಯಾಂಪ್ ಸುಮಾರು 3,400 ಮೀಟರ್. ಅಲ್ಲಿ ನೀರು 88–89 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸುತ್ತ ಕೂತರೆ ಗ್ಯಾಸ್ ಖಾಲಿ, ಬೇಳೆ ಹಾಗೇ. ನನ್ನ ಓಟು ಅವಲಕ್ಕಿ, ಹುರಿದ ರವೆ, ಶೇಂಗಾ ಚಟ್ನಿಪುಡಿಗೆ. ತುಪ್ಪ ಸ್ಟೀಲ್ ಡಬ್ಬಿಯಲ್ಲಿ ಬೇಡ, ಕಲ್ಲಾಗಿ ಚಮಚ ಬಾಗುತ್ತದೆ.

ಹಾಸನದ ಚಾರಣಿ

ರೊಟ್ಟಿಬುತ್ತಿಯವರೇ, ಬೇಳೆ ಪಟ್ಟಿಯಲ್ಲಿತ್ತು, ತೆಗೆದೆ. ಟೆಂಟ್ ಒಳಗಿನ ನೀರು ಎಲ್ಲಿಂದ ಬಂತು? ಚಳಿ ಅಂತ ಜಿಪ್ಪು, ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚಿದ್ದೆವು.

ಬೆಟ್ಟದ ಹೂ

ಮುಚ್ಚಿದ್ದಕ್ಕೇ ಬಂತು. ಅದು ನಿಮ್ಮದೇ ಉಸಿರು. ರಾತ್ರಿಯೆಲ್ಲ ಬಿಟ್ಟ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ, ಜಾಸ್ತಿ ಚಳಿ ಇದ್ದರೆ ಮಂಜಿನ ಪದರವಾಗುತ್ತದೆ. ಆಮೇಲೆ ಯಾರೋ ಮಗ್ಗುಲು ಬದಲಿಸಿದಾಗ ಮುಖದ ಮೇಲೆ ಉದುರುತ್ತದೆ. ಮೇಲಿನ ಗಾಳಿಕಿಂಡಿಯನ್ನೂ ಬಾಗಿಲಿನ ಕೆಳಗಿನ ಜಿಪ್ಪನ್ನೂ ಸ್ವಲ್ಪ ತೆರೆದಿಡಿ. ಹೊರಗಿನ ಹೊದಿಕೆ ಒಳಗಿನದಕ್ಕೆ ತಾಗದಂತೆ ಬಿಗಿಯಾಗಿ ಎಳೆದು ಕಟ್ಟಿ. ಒದ್ದೆ ಬಟ್ಟೆ ಒಳಗೆ ನೇತು ಹಾಕಬೇಡಿ. ಬ್ಯಾಗಿನೊಳಗೆ ಮುಖ ಹುದುಗಿಸಿ ಉಸಿರಾಡಬೇಡಿ, ಬ್ಯಾಗೇ ಒದ್ದೆಯಾಗುತ್ತದೆ.

ಕೆರೆ ಪಕ್ಕ ಹಾಕಿದ್ದೂ ಕಾರಣ. ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಫೋಟೋಗೆ ಕೆರೆ ಚೆಂದ, ಮಲಗಲು ಸ್ವಲ್ಪ ಮೇಲಿನ ಜಾಗವೇ ಚೆಂದ. ಗೈಡ್‌ಗೆ ಕೇಳಿ, ಗೊತ್ತಿರುತ್ತದೆ. ಮರದ ಕೆಳಗಾದರೆ ಒಣಗಿದ ಕೊಂಬೆ, ಹಿಮ ಹೊತ್ತ ಕೊಂಬೆ ಇದೆಯಾ ಅಂತ ತಲೆ ಎತ್ತಿ ನೋಡಿ.

ಮುಖ್ಯವಾದದ್ದು: ಚಳಿ ಅಂತ ಟೆಂಟ್ ಒಳಗೆ ಒಲೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ಕಾಲ್ನಡಿಗೆ

ಹೂ ಅವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮಲಗುವ ಮುಂಚೆ ಒಣ ಕಾಲುಚೀಲ, ಒಣ ಒಳಬಟ್ಟೆ. ಬಿಸಿನೀರಿನ ಬಾಟಲಿ ಕಾಲ ಬುಡದಲ್ಲಿ, ಮುಚ್ಚಳ ಭದ್ರ. ಹೊರಗಿಡುವ ಬಾಟಲಿ ತಲೆಕೆಳಗಾಗಿರಲಿ, ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬಾಯಿ ತೆರೆದಿರುತ್ತದೆ. ಶೂ, ಪವರ್ ಬ್ಯಾಂಕ್, ಹೆಡ್‌ಲ್ಯಾಂಪ್ ಒಳಗೇ. ಹಿಂಡಿ ಕುಡಿಯುವ ನೀರಿನ ಫಿಲ್ಟರ್ ಇದ್ದರೆ ಅದೂ ಬ್ಯಾಗಿನೊಳಗೆ. ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆ ಸೀಳುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಹಿಮ ಕರಗಿಸುವಾಗ ಪಾತ್ರೆಯ ತಳಕ್ಕೆ ಮೊದಲು ಸ್ವಲ್ಪ ನೀರು ಹಾಕಿ, ಇಲ್ಲದಿದ್ದರೆ ತಳ ಸೀದು ನೀರಿಗೆ ವಾಸನೆ ಬರುತ್ತದೆ.

ಹಾಸನದ ಚಾರಣಿ

ಎಲ್ಲ ಬರೆದುಕೊಂಡೆ, ಧನ್ಯವಾದ. ಕೊನೆಯದೊಂದು. ರಜೆ ಕಮ್ಮಿ ಇದೆ. ಸಾಂಕ್ರಿಯಿಂದ ಒಂದೇ ದಿನದಲ್ಲಿ ಬೇಸ್ ಕ್ಯಾಂಪ್ ಸೇರಬಹುದಾ? ಜುಡಾದಲ್ಲಿ ಉಳಿಯುವುದನ್ನು ಬಿಟ್ಟರೆ ಒಂದು ದಿನ ಉಳಿಯುತ್ತದೆ.

ಬೆಟ್ಟದ ಹೂ

ಬೇಡ. ಸಾಂಕ್ರಿ ಸುಮಾರು 1,950 ಮೀಟರ್, ಬೇಸ್ ಕ್ಯಾಂಪ್ 3,400. ಕಾಲಿಗೆ ಆಗಬಹುದು, ತಲೆಗೆ ಆಗುವುದಿಲ್ಲ; ಅಷ್ಟು ಬೇಗ ಏರಿದರೆ ಎತ್ತರದ ಕಾಯಿಲೆ ಬರಬಹುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುವುದು ರೂಢಿಯ ಲೆಕ್ಕ. ಜುಡಾ ಸುಮಾರು 2,800, ಅಲ್ಲಿ ಒಂದು ರಾತ್ರಿ ಬೇಕೇ ಬೇಕು. ದಿನ ಉಳಿಸಲೇಬೇಕಾದರೆ, ದಾರಿಯಲ್ಲಿ ಮಸ್ಸೂರಿ ಸುತ್ತಾಟ ಇಟ್ಟುಕೊಂಡಿದ್ದರೆ ಅದನ್ನು ಬಿಡಿ.

ತಲೆನೋವು, ವಾಕರಿಕೆ ಶುರುವಾದರೆ ಮೇಲಕ್ಕೆ ಹೋಗಬೇಡಿ. ತೂರಾಡುತ್ತಿದ್ದರೆ, ಸುಮ್ನೆ ಕೂತಾಗಲೂ ಏದುಸಿರು ಬರುತ್ತಿದ್ದರೆ ಬೆಳಗಾಗಲಿ ಅಂತ ಕಾಯದೆ ಗೈಡ್ ಜೊತೆ ಕೆಳಗಿಳಿಯಿರಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಸಲ್ಫಾ ಅಲರ್ಜಿ ಇರುವವರು ಅದನ್ನು ಮೊದಲೇ ಹೇಳಬೇಕು.

ರೊಟ್ಟಿಬುತ್ತಿ

ಹಾಸನದವರೇ, ಚಳಿ ಅಂತ ಅಲ್ಲಿ ಸೌದೆ ಒಟ್ಟಿ ಬೆಂಕಿ ಹಾಕಬೇಡಿ, ಅದು ಗೋವಿಂದ್ ಪಶು ವಿಹಾರ ಅನ್ನುವ ವನ್ಯಜೀವಿ ಧಾಮದ ಕಾಡು. ಪರ್ಮಿಟ್‌ಗೆ ನಾಲ್ವರ ಐಡಿ ಜೆರಾಕ್ಸ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿದೆ ಅಂತ ಹೋದರೆ ನೆಟ್‌ವರ್ಕ್ ಹುಡುಕುತ್ತ ನಿಲ್ಲಬೇಕಾದೀತು.