ದೊಡ್ಡಪತ್ರೆ ಬುಡ ಕೊಳೀತಿದೆ. ಮಗುವಿನ ಕೆಮ್ಮಿಗೆ ರಸ ಎಷ್ಟು ಕೊಡಬಹುದು?

ಬಾಲ್ಕನಿ_ತೋಟ (ಬೆಂಗಳೂರು):
10 ಇಂಚಿನ ಕುಂಡ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಸಮಸಮ, ದಿನಾ ನೀರು. ಬೆಳಗಿನ ಬಿಸಿಲು ಎರಡು ಗಂಟೆ ಬೀಳುತ್ತೆ. ಮಳೆ ಹಿಡಿದ ಮೇಲೆ ಕಾಂಡ ಬುಡದಲ್ಲಿ ಕಪ್ಪಾಗಿ ಮೆತ್ತಗಾಗಿದೆ, ಮೇಲಿನ ಎಲೆಗಳು ಮಾತ್ರ ಹಸಿರಾಗೇ ಇವೆ. ಗಿಡ ಉಳಿಸಬಹುದಾ? ಮೂರು ವರ್ಷದ ಮಗುವಿಗೆ ಕೆಮ್ಮು, ನೆಗಡಿ ಇದೆ. ರಸ ತೆಗೆಯುವ ಕ್ರಮ, ಪ್ರಮಾಣ ತಿಳಿಸಿ. ತಂಬುಳಿ ಮಾಡಿದರೆ ಘಾಟು ಹೊಡೆಯುತ್ತೆ, ಅದಕ್ಕೇನು ಮಾಡೋದು?

ಹಿತ್ತಲ_ಗಿಡ:
ಬುಡ ಹೋಯ್ತು ಅಂತಲೇ ತಿಳ್ಕೊಳ್ಳಿ, ತುದಿ ಉಳಿಸಿಕೊಳ್ಳಿ. ಕಪ್ಪಾದ ಭಾಗಕ್ಕಿಂತ ಎರಡು ಗೆಣ್ಣು ಮೇಲೆ ಕತ್ತರಿಸಿ, ಕೊಯ್ದ ಮುಖ ನೋಡಿ. ಒಳಗೆ ಕಂದು ಉಂಗುರ ಕಂಡರೆ ಕೊಳೆ ಇನ್ನೂ ಮೇಲಕ್ಕೆ ಹತ್ತಿದೆ ಅಂತ ಅರ್ಥ. ತಿಳಿಹಸಿರು ಬರೋವರೆಗೂ ಕತ್ತರಿಸ್ತಾ ಹೋಗಿ. 4–5 ಇಂಚಿನ ಕಡ್ಡಿ ಸಾಕು. ಕೆಳಗಿನ ಎಲೆ ಕಿತ್ತು ಒಂದು ದಿನ ನೆರಳಲ್ಲಿ ಹಾಗೇ ಬಿಡಿ, ಗಾಯ ಒಣಗಲಿ. ಹಸಿ ಗಾಯವನ್ನು ಒದ್ದೆ ಮಣ್ಣಿಗೆ ಊರಿದರೆ ಮತ್ತೆ ಅದೇ ಕತೆ.

ತಪ್ಪಿರೋದು ಮಣ್ಣಿನ ಮಿಶ್ರಣದಲ್ಲಿ. ದೊಡ್ಡಪತ್ರೆ ಎಲೆ, ಕಾಂಡ ಎರಡರಲ್ಲೂ ನೀರು ತುಂಬಿಟ್ಟುಕೊಳ್ಳುವ ಗಿಡ. ಕೋಕೋಪೀಟ್ ಬೇರೆ ನೀರು ಹಿಡಿದಿಡುತ್ತೆ, ಮೇಲೆ ಮಳೆಗಾಲ. ಬೇರಿಗೆ ಉಸಿರಾಡೋಕೆ ಜಾಗವೇ ಇಲ್ಲ. 2 ಪಾಲು ಕೆಂಪುಮಣ್ಣು, 1 ಪಾಲು ದಪ್ಪ ಮರಳು, 1 ಪಾಲು ಚೆನ್ನಾಗಿ ಕೊಳೆತ ಗೊಬ್ಬರ ಹಾಕಿ. ಹಳೇ ಮಿಶ್ರಣ ಈ ಗಿಡಕ್ಕೆ ಮತ್ತೆ ಬಳಸಬೇಡಿ, ಕುಂಡದ ಅಡಿಯ ತಟ್ಟೆಯನ್ನೂ ತೆಗೆದುಬಿಡಿ. ಊರಿದ ದಿನ ಒಂದು ಸಲ ನೀರು, ಆಮೇಲೆ ಬೆರಳಿಟ್ಟು ನೋಡಿ ಮೇಲಿನ ಒಂದು ಇಂಚು ಒಣಗಿದಾಗ ಮಾತ್ರ. ಎರಡು ಮೂರು ವಾರದಲ್ಲಿ ಚಿಗುರುತ್ತೆ. ಬೇರು ಬಂತಾ ಅಂತ ಎಳೆದು ನೋಡೋ ಚಪಲ ಬೇಡ.

ಬಿಸಿಲು ನಾಲ್ಕು ಗಂಟೆಯಾದರೂ ಬೇಕು, ಇಲ್ಲದಿದ್ದರೆ ಕಾಂಡ ಉದ್ದುದ್ದ ಬೆಳೆದು ಬಾಗುತ್ತೆ. ಗೊಬ್ಬರ ಜಾಸ್ತಿಯಾದರೆ ಎಲೆ ಅಂಗೈಯಗಲ ಬರುತ್ತೆ, ಪರಿಮಳ ಇರಲ್ಲ.

ಮದ್ದಿನ_ಡಬ್ಬಿ:
ರಸಕ್ಕೆ 4–5 ಎಲೆ ತೊಳೆದು ಒರೆಸಿ, ಸಣ್ಣ ಉರಿಯಲ್ಲಿ ತವದ ಮೇಲೆ ಎರಡೂ ಬದಿ ಬಾಡಿಸಿ. ಹಸಿರು ಮಾಸಿ ಎಲೆ ಜೋಲು ಬಿದ್ದ ತಕ್ಷಣ ತೆಗೀರಿ. ಕರಕಲಾದರೆ ರಸವೂ ಇಲ್ಲ, ವಾಸನೆಯೂ ಇಲ್ಲ. ಆರಿದ ಮೇಲೆ ಹಿಂಡಿ, ಬಟ್ಟೆಯಲ್ಲಿ ಸೋಸಿ. ಮೂರು ವರ್ಷದ ಮಗುವಿಗೆ ಮನೆಗಳಲ್ಲಿ ಕೊಡುವ ರೂಢಿ ಅರ್ಧ ಟೀ ಚಮಚ ರಸ, ಅಷ್ಟೇ ಜೇನು. ಊಟದ ನಂತರ, ದಿನಕ್ಕೆ ಎರಡು ಸಲ, ಎರಡು ಮೂರು ದಿನ. ಖಾಲಿ ಹೊಟ್ಟೆಗೆ ಬೇಡ. ಓಮದಲ್ಲಿರುವ ಥೈಮಾಲ್, ಅದರ ಜೊತೆ ಕಾರ್ವಕ್ರಾಲ್ ಅನ್ನೋ ಘಾಟು ಅಂಶಗಳು ಇದರಲ್ಲೂ ಇರೋದರಿಂದ ಜಾಸ್ತಿಯಾದರೆ ಗಂಟಲು, ಹೊಟ್ಟೆ ಉರಿಯುತ್ತೆ. ಬೇರೆ ಔಷಧಿ ನಡೀತಿದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ.

ಒಂದು ವರ್ಷದೊಳಗಿನ ಕೂಸಿಗೆ ಜೇನು ಕೂಡದು. ಬೊಟುಲಿಸಂ ಅನ್ನೋ ವಿಷಬಾಧೆಯ ಅಪಾಯ ಇದೆ. ಅಷ್ಟು ಸಣ್ಣ ಕೂಸಿಗೆ ಈ ರಸವೂ ಬೇಡ.

ನೆಗಡಿ ಇದರಿಂದ ಬೇಗ ವಾಸಿಯಾಗುತ್ತೆ ಅಂತ ನಂಬಿ ಕೂರಬೇಡಿ, ಗಂಟಲಿಗೆ ಹಿತ ಅಷ್ಟೆ. ಮಗು ಮಲಗಿದ್ದಾಗ ಉಸಿರು ಎಣಿಸಿ. ಈ ವಯಸ್ಸಿಗೆ ನಿಮಿಷಕ್ಕೆ 40 ಅಥವಾ ಹೆಚ್ಚಿದ್ದರೆ, ಪಕ್ಕೆ ಒಳಗೆಳೆದುಕೊಳ್ತಿದ್ದರೆ, ಸುಂಯ್ ಸದ್ದು ಬರ್ತಿದ್ದರೆ, ನೀರೂ ಕುಡೀದಿದ್ದರೆ ರಸ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ.

ಒಗ್ಗರಣೆ_ಸೌಟು:
ಘಾಟಿಗೆ ಕಾರಣ ಎಲೆ ಸರಿಯಾಗಿ ಹುರಿಯದೇ ಇರೋದು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, 5–6 ಕಾಳುಮೆಣಸು ಹಾಕಿ, ಜೀರಿಗೆ ಸಿಡಿದ ಮೇಲೆ 10–12 ಎಲೆ ಹೆಚ್ಚಿ ಹಾಕಿ. ಮೊದಲು ನೀರು ಬಿಡುತ್ತೆ; ಆ ನೀರು ಆರಿ ಎಲೆ ಮುದ್ದೆಯಾಗೋವರೆಗೂ ಬಾಡಿಸಿ. ಪೂರ್ತಿ ತಣ್ಣಗಾದ ಮೇಲೆ ಮೂರು ದೊಡ್ಡ ಚಮಚ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಒಂದೂವರೆ ಲೋಟ ಸಿಹಿಮಜ್ಜಿಗೆ, ಉಪ್ಪು ಬೆರೆಸಿ. ಸಾಸಿವೆ, ಒಣಮೆಣಸಿನ ಒಗ್ಗರಣೆ. ಒಲೆ ಮೇಲೆ ಮತ್ತೆ ಇಟ್ಟರೆ ಮಜ್ಜಿಗೆ ಒಡೆಯುತ್ತೆ. ಬಿರುಬಿಸಿಲಲ್ಲಿ ಬೆಳೆದ ದಪ್ಪ ಹಳದಿ ಎಲೆ ಬಿಟ್ಟು ತುದಿಯಿಂದ ಎರಡನೇ, ಮೂರನೇ ಜೊತೆ ಕೀಳಿ.

ಬಾಲ್ಕನಿ_ತೋಟ:
ಧನ್ಯವಾದ, ಕತ್ತರಿಸಿ ನೆರಳಲ್ಲಿಟ್ಟಿದ್ದೀನಿ. ಪಕ್ಕದ ಮನೆಯಲ್ಲಿ ಇದೇ ಥರದ ಪುಟ್ಟ ಎಲೆ ಗಿಡ ಇದೆ, ವಿಕ್ಸ್ ವಾಸನೆ. ಅಲ್ಲಿಯವರೆಗೆ ಅದನ್ನೇ ಬಳಸಬಹುದಾ?

ಹಿತ್ತಲ_ಗಿಡ:
ಬೇಡ, ಅದು ಇದರ ದಾಯಾದಿ ಗಿಡ, ಅಡುಗೆಗೂ ಮಗುವಿಗೂ ಅಲ್ಲ. ದೊಡ್ಡಪತ್ರೆ ಎಲೆ ಅಗಲ, ಅಂಚು ಕಚ್ಚುಕಚ್ಚು, ಉಜ್ಜಿದರೆ ಓಮದ ವಾಸನೆ. ಬೆಕ್ಕು, ನಾಯಿ ಸಾಕಿದ್ದರೆ ಎರಡೂ ಗಿಡ ಬಾಯಿಗೆ ಸಿಗದ ಹಾಗೆ ಎತ್ತರದಲ್ಲಿಡಿ, ದೊಡ್ಡಪತ್ರೆ ಎಲೆ ತಿಂದರೆ ವಾಂತಿ ಭೇದಿ ಆಗುತ್ತೆ.