‘ಅಫ್ರೇಡ್’ ಬಳಕೆಗೆ ಕೋಚಿಂಗ್ ಬೇಕೇ, ನಿಘಂಟು ಸಾಕೇ? ಅನುಭವ ಇದ್ದವರು ಹೇಳಿ

ಹಾವೇರಿಯ ತಂದೆ: ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಇಂಗ್ಲಿಷಿನಲ್ಲಿ ತಪ್ಪು ಹುಡುಕುವ ಪ್ರಶ್ನೆಗೆ ‘ಅಫ್ರೇಡ್’ ಬಂದರೆ ಅಂಕ ಹೋದಂತೆಯೇ. ಧಾರವಾಡಕ್ಕೆ ಕಳುಹಿಸಲೇ, ಒಳ್ಳೆಯ ನಿಘಂಟು ಕೊಡಿಸಲೇ?

ಸಪ್ತಾಪುರದಲ್ಲಿ ಕೈ ಸುಟ್ಟುಕೊಂಡವನು: ಮೊದಲು ನನ್ನ ಲೆಕ್ಕ ಓದಿ. ಮಗನನ್ನು ಧಾರವಾಡದ ಸಪ್ತಾಪುರದ ಕೋಚಿಂಗಿಗೆ ಸೇರಿಸಿದ್ದೆ. ಶುಲ್ಕ 22,000, ರಸೀದಿ ಕೊಟ್ಟದ್ದು 15,000ಕ್ಕೆ. ಪಿ.ಜಿ. ಮುಂಗಡ 5,000, ಬಾಡಿಗೆ 5,500, ಭಾನುವಾರ ರಾತ್ರಿ ಊಟವಿಲ್ಲ. ನೋಟ್ಸ್‌ಗೆ ಬೇರೆ 1,800. ಆ ನೋಟ್ಸ್‌ನಲ್ಲಿ ‘ಅಫ್ರೇಡ್ ಎಂದರೆ ಹೆದರಿದ’ ಎಂದು ಒಂದೇ ಸಾಲು. ಅದನ್ನು ನಂಬಿ ಮಗ ‘ಆ್ಯನ್ ಅಫ್ರೇಡ್ ಬಾಯ್’ ಸರಿ ಎಂದು ಗುರುತು ಹಾಕಿ ಬಂದ. ಹಣ ವಾಪಸ್ ಕೇಳಿದರೆ, ಬ್ಯಾಚ್ ಬದಲಿಸಿ ಕೊಡುತ್ತೇವೆ ಎಂದರು!

ಗದಗಿನ ನಿವೃತ್ತ ಮೇಷ್ಟ್ರು: ಒಂದು ಸಾಲಿಗೆ ಇಷ್ಟು ಹಣವೇ? ಸುಭಾಸ ರಸ್ತೆಯಲ್ಲಿ, ಇಂಗ್ಲಿಷ್ ಕಲಿಯುವವರಿಗೆಂದೇ ಇರುವ ಹಾರ್ನ್‌ಬಿ ನಿಘಂಟಿನ ಹಳೆಯ ಪ್ರತಿಯನ್ನು 250 ರೂಪಾಯಿಗೆ ಕೊಂಡೆ. ರಟ್ಟು ಕಿತ್ತಿತ್ತು, ಬೈಂಡಿಂಗಿಗೆ 80. ಅಫ್ರೇಡ್ ಪದದ ಪಕ್ಕದಲ್ಲೇ ‘ನಾಮಪದಕ್ಕಿಂತ ಮೊದಲು ಬರುವುದಿಲ್ಲ’ ಎಂಬ ಸೂಚನೆ ಇದೆ. ‘ದ ಬಾಯ್ ಈಸ್ ಅಫ್ರೇಡ್’ ಸರಿ. ಹುಡುಗನಿಗೆ ಅಂಟಿಸಲೇಬೇಕೆಂದರೆ ‘ಫ್ರೈಟೆನ್ಡ್ ಬಾಯ್’. ನಾವು ನಾಯಿಗೆ ಹೆದರುತ್ತೇವೆ, ಆ ‘ಗೆ’ಯನ್ನೇ ನೆಚ್ಚಿ ಮಕ್ಕಳು ‘ಅಫ್ರೇಡ್ ಟು ಡಾಗ್ಸ್’ ಎನ್ನುತ್ತಾರೆ. ಅಲ್ಲಿ ‘ಆಫ್’ ಬೇಕು. ಮಗುವಿಗೆ ಏನಾದೀತೋ ಎಂಬ ಆತಂಕವಿದ್ದರೆ ‘ಫಾರ್’. ಅಫ್ರೇಡ್ ಆದ ಮೇಲೆ ಕ್ರಿಯಾಪದದ ಮೂಲರೂಪ ಬಂದರೆ ನಡುವೆ ‘ಟು’.

ಧಾರವಾಡದ ಮನೆಯಾಕೆ: ನಿಘಂಟು ಎಂದರೆ ಕಿಟೆಲ್ಲರದು, 1894ರದು. ನಮ್ಮ ಮಾವನವರ ಕಪಾಟಿನಲ್ಲಿದೆ.

ಗದಗಿನ ನಿವೃತ್ತ ಮೇಷ್ಟ್ರು: ತಂಗೀ, ತೆರೆದು ನೋಡಿದ್ದೀರಾ? ಅದು ಕನ್ನಡದಿಂದ ಇಂಗ್ಲಿಷಿಗೆ. ‘ಹೆದರು’ ಸಿಗುತ್ತದೆ, ‘ಅಫ್ರೇಡ್’ ಯಾವ ಪುಟದಲ್ಲಿ ಹುಡುಕುತ್ತೀರಿ?

ಧಾರವಾಡದ ಮನೆಯಾಕೆ: ಧಾರವಾಡದವರಿಗೆ ಗದಗಿನವರು ಕಿಟೆಲ್ ಕಲಿಸುವ ಕಾಲ ಬಂತೇ?

ಹುಬ್ಬಳ್ಳಿಯ ಕಾಲ್ ಸೆಂಟರಿನವಳು: ನಾನು ಪೈಸೆ ಖರ್ಚಿಲ್ಲದೆ ಕಲಿತೆ, ಕೆಲಸದಲ್ಲೇ. ‘ಐ ಆ್ಯಮ್ ಅಫ್ರೇಡ್, ಮ್ಯಾನೇಜರ್ ಈಸ್ ಆನ್ ಲೀವ್’ ಎಂದು ದಿನವಿಡೀ ಹೇಳುತ್ತೇನೆ. ಇಲ್ಲಿ ಭಯದ ಸುಳಿವೂ ಇಲ್ಲ, ಒಲ್ಲದ ಸುದ್ದಿಯನ್ನು ಮೆತ್ತಗೆ ಹೇಳುವ ರೀತಿ ಅಷ್ಟೆ. ನಮ್ಮ ಕಾಕಾ ಕೇಳಿ, ‘ರಜೆ ಅವನದು, ನೀನೇಕೆ ಹೆದರುತ್ತೀ?’ ಎಂದಿದ್ದರು. ಅಂದ ಹಾಗೆ, ಪಿ.ಜಿ. ಏಕೆ? ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ ಇಲ್ಲವೇ?

ಸಪ್ತಾಪುರದಲ್ಲಿ ಕೈ ಸುಟ್ಟುಕೊಂಡವನು: ನಮ್ಮದು ಶಿಗ್ಗಾಂವಿ. ಅಲ್ಲಿಗೆ ಚಿಗರಿ ಬರುತ್ತದೆಯೇ? ಹುಬ್ಬಳ್ಳಿಯವರಿಗೆ ಹುಬ್ಬಳ್ಳಿಯ ಆಚೆ ಊರೇ ಇಲ್ಲ.

ಹಾವೇರಿಯ ತಂದೆ: ಹಾರ್ನ್‌ಬಿಯ ಹೊಸ ಪ್ರತಿಗೆ ಎಷ್ಟಾಗುತ್ತದೆ?

ಧಾರವಾಡದ ಮನೆಯಾಕೆ: ಪಿ.ಜಿ.ಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮದರಲ್ಲಿ ಭಾನುವಾರ ರಾತ್ರಿಯೂ ರೊಟ್ಟಿ ಕೊಡುತ್ತೇವೆ.

ಸಪ್ತಾಪುರದಲ್ಲಿ ಕೈ ಸುಟ್ಟುಕೊಂಡವನು: ಓಹೋ, ನೀವೂ ಪಿ.ಜಿ. ಇಟ್ಟವರೋ! ಮುಂಗಡ ಎಷ್ಟು ಹಿಡಿಯುತ್ತೀರಿ, ಅದನ್ನು ಹೇಳಿ.